ಬೇಡ ಅಂದ ಗುರಾಣಿ

ಹೆಬ್ಬಾಳದ ಆಫೀಸಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಮಾಯಾಲೋಕದ ಆನ್‌ಲೈನ್ ಗೇಮಿಗೆ ಬರುವ ಹೊಸಬರಿಗೆ ಸಲಹೆ ಬರೆಯುವುದು. ಗೇಮ್ ಆಡಿಯೇ ಗೊತ್ತಿಲ್ಲದ ನಾನು ಸಂಜೆಯೊಳಗೆ ತೋಳಗಳ ಕಾಡು ದಾಟಿ, ಹೇಗೆ ದಾಟಿದೆ ಅಂತ ಬರೆದುಕೊಡಬೇಕಿತ್ತು.

ಕಾಡಿನ ಅಂಚಿನಲ್ಲಿ ಇನ್ನೊಬ್ಬ ಆಟಗಾರರು ಮೈಕಿನಲ್ಲಿ ಮಾತಾಡಿಸಿದರು. ಹುಣಸಮಾರನಹಳ್ಳಿಯವರಂತೆ, ದನಿಯಲ್ಲೇ ವಯಸ್ಸು ಗೊತ್ತಾಗುತ್ತಿತ್ತು. "ಬರಿಗೈಲಿ ಕಾಡಿಗ್ ಒಂಟಿದ್ದೀಯಲ್ಲವ್ವಾ! ತಗೋ, ನನ್ ಗುರಾಣಿ."

"ಅಯ್ಯೋ ಬೇಡ ಅಂಕಲ್, ಪರವಾಗಿಲ್ಲ," ಎಂದು ಪರದೆ ಮೇಲಿನ 'ಬೇಡ' ಬಟನ್ ಒತ್ತಿದೆ. ಯಾರು ಏನೇ ಕೊಟ್ಟರೂ ಎರಡು ಸಲ ಬೇಡ ಅಂದು ಮೂರನೇ ಸಲ ತಗೊಳ್ಳುವುದು ನಮ್ಮನೆ ಅಭ್ಯಾಸ. ಇನ್ನೊಮ್ಮೆ ಒತ್ತಾಯಿಸುತ್ತಾರೆಂದು ಕಾದು ನಿಂತೆ.

ತೋಳ ಕಾಯಲಿಲ್ಲ.

ಸತ್ತು ಮತ್ತೆ ಹುಟ್ಟಿ ಬಂದಾಗ ಅಂಕಲ್ ಅಲ್ಲೇ ಇದ್ದರು. "ಬ್ಯಾಡ ಅಂದ್ಮೇಲೆ ಇವತ್ತು ಇನ್ನೊಂದ್ಸಲ ಕೊಡಕ್ಕೆ ಈ ಗೇಮ್ ಬಿಡಲ್ಲ ಕಣವ್ವಾ. ಇದೇನ್ ನಿಮ್ಮತ್ತೆ ಮನೇನಾ? ನಡಿ, ನನ್ ಇಂದೇನೇ ಬಾ."

ಅವರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಕಾಡು ದಾಟಿದೆ. ಸಂಜೆ ಮೊದಲ ಸಲಹೆ ಬರೆದೆ: 'ಯಾರಾದರೂ ಏನಾದರೂ ಕೊಟ್ಟರೆ, ಮೊದಲ ಸಲವೇ ತೆಗೆದುಕೊಳ್ಳಿ.'

ಟೀಮ್ ಲೀಡ್ ಓದಿ ನಕ್ಕರು. "ಏನ್ರೀ ಇದು? ಅಷ್ಟೂ ಗೊತ್ತಾಗದವರು ಯಾರಾದ್ರೂ ಇರ್ತಾರಾ?"

"ಕೆಲವರು ಇರ್ತಾರಂತೆ ಸರ್," ಅಂದೆ, ಕೀಬೋರ್ಡ್ ನೋಡುತ್ತಾ.