ಅಜ್ಜಿ ಎಸೆದದ್ದು

ಇವತ್ತು ಬೆಳಿಗ್ಗೆ ಪಾಲಿಕ್ಲಿನಿಕ್‌ನಲ್ಲಿ ಸಕ್ಕರೆ ಪರೀಕ್ಷೆಗೆಂದು ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಪೂರ್ಣಿಮಾ ನೆನಪಾದಳು. ಬೇರೆಯವರಿಗೆ ಮಲ್ಲಿಗೆ ವಾಸನೆಗೋ ತುಪ್ಪದ ವಾಸನೆಗೋ ಯಾರಾದರೂ ನೆನಪಾಗುತ್ತಾರಂತೆ. ನನಗೆ ಸ್ಪಿರಿಟ್. ನಾಜೂಕಿನದು ಯಾವುದೂ ನನ್ನ ಪಾಲಿಗೆ ಬಂದದ್ದಿಲ್ಲ, ಬಿಡಿ.

ಪೂರ್ಣಿಮಾ ಅಂದರೆ ಟೋವಾ ಪಾಯೋದ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗಿ. ಹುಡುಗಿ ಅಂದೆ, ಮೂವತ್ತು ದಾಟಿತ್ತು. ಮದುವೆ ಇಲ್ಲ. ಆಗಿನ್ನೂ ನಾನು ಮಗಳು ಜಯಂತಿಯ ಮನೆಗೆ ಬಂದು ಎರಡು ವರ್ಷವಾಗಿತ್ತು. ಸಿಂಗಾಪುರದಲ್ಲಿ ಎತ್ತ ನೋಡಿದರೂ ಕ್ರೇನು, ಎತ್ತ ನೋಡಿದರೂ ಹೊಸ ಗಾಜಿನ ಕಟ್ಟಡ. ಒನ್-ನಾರ್ತ್ ಕಡೆ ದಿನಕ್ಕೊಂದು ಲ್ಯಾಬು ಏಳುತ್ತಿತ್ತು. ಔಷಧ ಕಂಡುಹಿಡಿಯುವವರಿಗೆ ದುಡ್ಡು ಸುರಿಯುತ್ತಿದ್ದಾರೆ ಎಂದು ಅಳಿಯ ಹೇಳುತ್ತಿದ್ದರು. ಪೂರ್ಣಿಮಾ ಅಂಥದ್ದೇ ಕಟ್ಟಡದ ಒಂದು ಮೂಲೆಯಲ್ಲಿ ಕೆಲಸ ಮಾಡುತ್ತಿದ್ದಳು, ಆದರೆ ಔಷಧದ ಕೆಲಸ ಅಲ್ಲ. ಏನು ಕೆಲಸ ಎಂದು ಕೇಳಿದರೆ “ಬಯಾಲಜಿ” ಎಂದು ಗೊಣಗಿ ರೂಮಿಗೆ ಹೋಗಿಬಿಡುತ್ತಿದ್ದಳು. ಹೋಗುವಾಗ ಹಿಂದೆ ಒಂದು ವಾಸನೆ ಬಿಟ್ಟು ಹೋಗುತ್ತಿದ್ದಳು.

ಒಂದು ವಾರ ಸಹಿಸಿಕೊಂಡೆ. ಆಮೇಲೆ ಮಗಳನ್ನು ಅಡುಗೆಮನೆಗೆ ಕರೆದೆ.

“ಕುಡೀತಾಳೆ ಕಣೇ ನಿನ್ನ ಬಾಡಿಗೆ ಹುಡುಗಿ.”

“ಅಮ್ಮಾ, ಮೆಲ್ಲಗೆ! ಅವಳು ಲ್ಯಾಬಲ್ಲಿ ಕೆಲಸ ಮಾಡೋದು.”

“ಲ್ಯಾಬಲ್ಲೇ ಕುಡೀತಾಳಾ?”

ಸುತ್ತಿ ಬಳಸಿ ಕೇಳುವುದು ನನಗೆ ಬಾರದು. ಅವತ್ತು ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, “ಏನವ್ವಾ, ಮೈಯೆಲ್ಲಾ ಸಾರಾಯಿ ವಾಸನೆ. ಕುಡೀತೀಯಾ?” ಎಂದು ಕೇಳಿದೆ. ಹಿಂದೆ ಜಯಂತಿ ಹಣೆ ಹಣೆ ಚಚ್ಚಿಕೊಂಡಳು. ಪೂರ್ಣಿಮಾ ತನ್ನ ಕೈ ಮೂಸಿ ನೋಡಿಕೊಂಡಳು, ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದಳು.

“ನಾನಲ್ಲ ಅಜ್ಜಿ. ಹುಳಗಳು ಕುಡಿದಿವೆ.”

ಹೀಗೆ ಗೊತ್ತಾಯಿತು, ಅವಳ ಕೆಲಸ ಹುಳ ಎಣಿಸುವುದು ಎಂದು. ದಕ್ಷಿಣ ಧ್ರುವದ ಹತ್ತಿರ ಹಿಮದ ಸಮುದ್ರವಿದೆಯಂತೆ. ಹಡಗಿನವರು ಅದರ ತಳದಿಂದ ಕೆಸರು ಮೇಲಕ್ಕೆತ್ತಿ, ಜರಡಿ ಹಿಡಿದು, ಉಳಿದದ್ದನ್ನು ಕೊಳೆಯದಂತೆ ಸ್ಪಿರಿಟ್‌ನಲ್ಲಿ ಹಾಕಿ, ನಾಲ್ಕಾರು ದೇಶದವರಿಗೆ ಪಾಲು ಹಾಕಿದ್ದರಂತೆ. ಒಂದು ಪಾಲು ಇವಳಿಗೆ. ಮೊಮ್ಮಗಳು ನಿಧಿಗೆ ಆಗ ಒಂಬತ್ತು ವರ್ಷ. “ವರ್ಮ್ಸಾ? ಯಕ್! ಡಿಸ್ಗಸ್ಟಿಂಗ್ ಲಾ, ಆಂಟಿ!” ಎಂದು ಇಲ್ಲಿಯ ಮಕ್ಕಳಂತೆ ಮಾತಿಗೊಂದು “ಲಾ” ಅಂಟಿಸಿ ಸೋಫಾ ಹತ್ತಿ ನಿಂತಳು. ಪೂರ್ಣಿಮಾ ಕನ್ನಡದವರ ಮನೆಗಳಿಗೆ ಊಟಕ್ಕೆ ಹೋದಾಗಲೂ ಇದೇ ಪಾಡಂತೆ. ಕೆಲಸ ಏನೆಂದು ಹೇಳಿದ ತಕ್ಷಣ ಆಂಟಿಯರು ತಟ್ಟೆಯನ್ನು ಸ್ವಲ್ಪ ದೂರ ಸರಿಸಿಕೊಳ್ಳುತ್ತಿದ್ದರಂತೆ. ಅದಕ್ಕೇ “ಬಯಾಲಜಿ” ಎಂದು ಗೊಣಗುವುದು.

ನಾನು ತಟ್ಟೆ ಸರಿಸಲಿಲ್ಲ. ನನ್ನ ಮುಂದೆ ಹುಳದ ಮಾತೇ! ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಚನ್ನಪಟ್ಟಣದ ಕಡೆ ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವಳು. ನಮ್ಮ ಮನೆಯಲ್ಲಿ ಮನುಷ್ಯರು ಜಗಲಿಯಲ್ಲಿ ಮಲಗುತ್ತಿದ್ದರು, ಹುಳಗಳಿಗೆ ನಡುಮನೆ. ಅವು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಕೇಳಿಯೇ ಹೊಟ್ಟೆ ತುಂಬಿತೋ ಇಲ್ಲವೋ ಹೇಳುತ್ತಿದ್ದೆ. ಪೊರೆ ಬಿಡುವ ಮೊದಲು ಹುಳ ಮೇವು ಬಿಟ್ಟು ತಲೆಯೆತ್ತಿ ಕೂರುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ಮನೆಯಲ್ಲಿ ಒಗ್ಗರಣೆ ಕೂಡ ಹಾಕುವ ಹಾಗಿಲ್ಲ. ಹೆತ್ತ ಮಕ್ಕಳ ಜ್ವರಕ್ಕೆ ಅಷ್ಟು ನೋಡಿಕೊಂಡೆನೋ ಇಲ್ಲವೋ, ಜಯಂತಿಯನ್ನೇ ಕೇಳಿ. ಹಾಗೆಂದು ಪ್ರೀತಿ ಗೀತಿ ಏನಿಲ್ಲ. ಗೂಡು ಕಟ್ಟಿದ ಮೇಲೆ ಅವು ಹೋಗುವುದು ಕುದಿಯುವ ನೀರಿಗೆ ಎಂದು ನನಗೂ ಗೊತ್ತಿತ್ತು. ಹುಳಕ್ಕೆ ಗೊತ್ತಿರಲಿಲ್ಲ, ಅಷ್ಟೇ.

ಇದನ್ನೆಲ್ಲಾ ಹೇಳಿದಾಗ ಪೂರ್ಣಿಮಾಳ ಮುಖ ನೋಡಬೇಕಿತ್ತು. ಪರದೇಶದಲ್ಲಿ ಸ್ವಂತ ತವರುಮನೆಯವರು ಸಿಕ್ಕ ಹಾಗೆ.

ಆ ವರ್ಷ ಮಳೆಯಲ್ಲಿ ಬಸ್ ಇಳಿಯುವಾಗ ಜಾರಿ ಬಿದ್ದು ಅವಳ ಕಾಲು ಮುರಿಯಿತು. ಆರು ವಾರ ಪ್ಲಾಸ್ಟರು. ಲ್ಯಾಬಿನವರು ಒಳ್ಳೆಯವರು, ಸಣ್ಣದ್ದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರವನ್ನೂ ಹುಳದ ಬುಡ್ಡಿಗಳನ್ನೂ ಮನೆಗೇ ಕಳಿಸಿದರು. ಆದರೆ ಹುಡುಗಿ ಅಳುಮೋರೆ ಹಾಕಿಕೊಂಡು ಕೂತಳು. ಒತ್ತಿ ಕೇಳಿದ ಮೇಲೆ ಹೇಳಿದಳು. ಅಷ್ಟು ಚಳಿಯಲ್ಲಿ ಏನು ಮಹಾ ಇರುತ್ತದೆ, ಎರಡು ಮೂರು ಜಾತಿ ಇರಬಹುದು, ಬೇಗ ಮುಗಿಸು ಎಂದು ಅವಳ ಮೇಲಿನವರ ಮಾತು. ಇವಳಿಗೋ ಅಲ್ಲಿ ಬೇಕಾದಷ್ಟು ಜಾತಿ ಇವೆ ಎಂಬ ನಂಬಿಕೆ. ವರ್ಷ ಮುಗಿಯುವುದರೊಳಗೆ ಅದನ್ನು ತೋರಿಸಬೇಕು. ತೋರಿಸದಿದ್ದರೆ ಉಳಿದ ಕೆಸರು ಬೇರೆ ದೇಶದವರ ಪಾಲು, ಇವಳ ಕೆಲಸ ಮುಗಿಯಿತು, ಇಲ್ಲಿರಲು ಕೊಟ್ಟ ಪಾಸು ಮುಗಿಯಿತು, ಮೈಸೂರಿಗೆ ಟಿಕೆಟ್ಟು.

“ಹುಳ ಆರಿಸೋದು ತಾನೇ? ನಾನು ಆರಿಸ್ತೀನಿ,” ಎಂದೆ.

“ಅಜ್ಜಿ, ಅವು ಎಳ್ಳಿಗಿಂತ ಸಣ್ಣ.”

“ಮೊಟ್ಟೆಯಿಂದ ಈಗ ತಾನೇ ಎದ್ದ ರೇಷ್ಮೆ ಹುಳ ನೋಡಿದ್ದೀಯಾ ನೀನು?”

ನೋಡಿರಲಿಲ್ಲ. ಯಂತ್ರವನ್ನು ನನ್ನ ಕಡೆ ಸರಿಸಿದಳು. ಅವಳು ಕೊಟ್ಟ ಚಿಮಟಿಗೆಯನ್ನು ನಾನು ಮುಟ್ಟಲಿಲ್ಲ. ಎಳೆ ಹುಳಕ್ಕೆ ಕಬ್ಬಿಣ ತಾಗಿಸಬಾರದು, ಗರಿಯಿಂದ ಸರಿಸಬೇಕು. ಕೆಳಗೆ ವಾಯ್ಡ್ ಡೆಕ್‌ಗೆ, ಅಂದರೆ ಕಟ್ಟಡದ ಬುಡದ ಖಾಲಿ ಜಾಗಕ್ಕೆ ಹೋಗಿ, ಚೆಸ್ ಆಡುತ್ತಿದ್ದ ಚೀನೀ ಮುದುಕರ ಕಾಲ ಸಂದಿಯಿಂದ ಒಂದು ಮೈನಾ ಗರಿ ಹೆಕ್ಕಿ ತಂದು, ತೊಳೆದು, ತುದಿ ಕತ್ತರಿಸಿಕೊಂಡೆ. ಯಂತ್ರದಲ್ಲಿ ಕಣ್ಣಿಟ್ಟರೆ, ಅಬ್ಬ! ಕಾಣಲೆಂದು ಹಾಕಿದ ಗುಲಾಬಿ ಬಣ್ಣದಲ್ಲಿ ಅದ್ದಿದ ದಾರದ ತುಂಡುಗಳ ಹಾಗೆ ರಾಶಿ ಹುಳ. ಮೈಗೆಲ್ಲಾ ಕೂದಲಿನಂಥ ಮುಳ್ಳು. “ಮರಳಿಂದ ಹುಳ ಬೇರೆ ಮಾಡಿ, ಈ ಬುಡ್ಡಿಗೆ ಹಾಕಿ, ಅಷ್ಟೇ,” ಎಂದು ಹೇಳಿ, ನೋವಿನ ಮಾತ್ರೆ ನುಂಗಿ ಅವಳು ಮಲಗಿದಳು.

ಎರಡು ದಿನ ಮಾಡಿದೆ. ಮೂರನೇ ದಿನ ಅವಳು ಕುಂಟುತ್ತಾ ಬಂದು ನನ್ನ ಬುಡ್ಡಿ ನೋಡಿದಳು. ನೋಡುತ್ತಾ ನೋಡುತ್ತಾ ಹುಬ್ಬು ಗಂಟಿಕ್ಕಿತು.

“ಅಜ್ಜಿ, ಎಲ್ಲಾ ಒಂದೇ ತರ ಇವೆಯಲ್ಲ?”

ನನಗೆ ಹೆಮ್ಮೆ. “ಇರದೇ ಏನು? ಕಾಯಿಲೆಯವನ್ನೆಲ್ಲಾ ತೆಗೆದುಹಾಕಿದೆ. ಗಿಡ್ಡದು, ಸೊಟ್ಟದು, ಬಾಲ ಕೊಕ್ಕೆಯಾದದ್ದು, ತಲೆ ದಪ್ಪಗಿರೋದು. ಎಷ್ಟಿದ್ದವು ಗೊತ್ತಾ! ಏನವ್ವಾ, ನಿಮ್ಮ ಸಮುದ್ರದಲ್ಲಿ ಸಾಕೋರು ಶುದ್ಧ ಸೋಮಾರಿಗಳು.”

“ತೆಗೆದು ಎಲ್ಲಿ ಹಾಕಿದ್ರಿ?”

“ಚೂಟ್‌ಗೆ.”

ಅಡುಗೆಮನೆ ಗೋಡೆಯಲ್ಲಿ ಕಸ ಎಸೆಯಲು ಒಂದು ಬಾಯಿ ಇರುತ್ತದಲ್ಲ, ಅದು. ಎಸೆದದ್ದು ಹತ್ತು ಮಹಡಿ ಕೆಳಗೆ ಬೀಳುತ್ತದೆ, ದಿನಾ ಬೆಳಿಗ್ಗೆ ಗಾಡಿ ಬಂದು ಒಯ್ಯುತ್ತದೆ.

ಅವಳು ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಪ್ಲಾಸ್ಟರ್ ಕಾಲು ಚಾಚಿ ನೆಲದ ಮೇಲೆ ಕೂತುಬಿಟ್ಟಳು. “ಎಲ್ಲಾನಾ?” ಎಂದಳು.

ಎಲ್ಲಾ ಅಲ್ಲ. ಮೊದಲ ದಿನದ್ದು ಹೋಗಿತ್ತು. ಎರಡನೇ ದಿನದ್ದು ಕಿಟಕಿಯ ಹತ್ತಿರ ಸ್ಟೀಲ್ ಲೋಟದಲ್ಲಿ ಮುಚ್ಚಿಟ್ಟಿತ್ತು. ಕಾಯಿಲೆ ಹುಳವನ್ನು ಬಚ್ಚಲಿಗೆ ಚೆಲ್ಲಬಾರದು, ರೋಗ ಹರಡುತ್ತದೆ. ಪ್ರತ್ಯೇಕ ಇಟ್ಟು ದೂರ ಎಸೆಯಬೇಕು. ಆ ಒಂದು ಅಭ್ಯಾಸ ಅವತ್ತು ನನ್ನ ಮಾನ ಉಳಿಸಿತು, ಅರ್ಧ.

ಲೋಟದಲ್ಲಿದ್ದದ್ದನ್ನು ಯಂತ್ರದ ಕೆಳಗಿಟ್ಟು ಅವಳು ನೋಡಿದಳು. ನಾನು ಪಕ್ಕದಲ್ಲಿ ಸ್ಕೂಲು ಹುಡುಗಿಯ ಹಾಗೆ ನಿಂತಿದ್ದೆ. ಜೀವನದಲ್ಲಿ ಯಾರ ಮುಂದೆಯೂ ಹಾಗೆ ನಿಂತಿರಲಿಲ್ಲ, ಅತ್ತೆಯ ಮುಂದೆ ಕೂಡ.

“ಅಜ್ಜಿ, ಇವು ಕಾಯಿಲೆಯವಲ್ಲ,” ಎಂದಳು ಕಣ್ಣು ತೆಗೆಯದೆ. “ಇವು ಬೇರೆಯವು.”

ನನಗೆ ಅರ್ಥವಾಗಲಿಲ್ಲ. ನಮ್ಮ ಕಸುಬಿನಲ್ಲಿ ಬೇರೆ ಅಂದರೆ ಕಾಯಿಲೆ ಎಂದೇ ಅರ್ಥ. ಒಂದು ತಟ್ಟೆಯ ಹುಳವೆಲ್ಲಾ ಒಂದೇ ಅಳತೆ ಇರಬೇಕು, ಒಂದೇ ದಿನ ಜ್ವರಕ್ಕೆ ಕೂತು ಒಂದೇ ದಿನ ಗೂಡು ಕಟ್ಟಬೇಕು. ಹಿಂದುಳಿದದ್ದು ಗಂಟುರೋಗದ್ದೋ ಸಪ್ಪೆರೋಗದ್ದೋ ಆಗಿರುತ್ತದೆ. ಅದನ್ನು ತೆಗೆಯಲು ತಡಮಾಡಿದರೆ ಇಡೀ ಬೆಳೆ ಹೋಯಿತು. ತೆಗೆಯುವ ಕೈಯೇ ಒಳ್ಳೆಯ ಕೈ. ಊರಲ್ಲಿ ನನ್ನನ್ನು ಕರೆಸಿ ಹುಳ ತೋರಿಸುತ್ತಿದ್ದರು.

“ನಿಮ್ಮನೇಲಿ ಒಂದೇ ಸೊಪ್ಪು, ಒಂದೇ ತಟ್ಟೆ, ಸಾಕೋರು ನೀವೊಬ್ಬರು,” ಎಂದಳು ಪೂರ್ಣಿಮಾ. “ಅಲ್ಲಿ ಸಾಕೋರೇ ಇಲ್ಲ ಅಜ್ಜಿ. ಒಂದು ಕೆಸರು ತಿನ್ನುತ್ತೆ. ಇನ್ನೊಂದು ಅದನ್ನ ತಿನ್ನುತ್ತೆ. ಮತ್ತೊಂದು ಮರಳಲ್ಲಿ ಕೊಳವೆ ಕಟ್ಟಿಕೊಂಡು, ಮೇಲಿಂದ ಏನು ಬೀಳುತ್ತೋ ಅಂತ ಕಾಯುತ್ತೆ. ಅವರವರ ಬದುಕು ಅವರವರೇ ಮಾಡಿಕೊಂಡಿದ್ದಾರೆ.”

“ಅಷ್ಟು ಚಳೀಲಿ?”

“ಅಷ್ಟು ಚಳೀಲಿ. ಕತ್ತಲೇಲಿ.”

ನಾನು ಮೈನಾ ಗರಿಯನ್ನು ಮೇಜಿನ ಮೇಲಿಟ್ಟೆ. ಇನ್ನು ನನ್ನ ಕೆಲಸ ಮುಗಿಯಿತು, ಬೇಳೆ ಬೇಯಿಸಲು ಹೋಗುವುದೇ ಸರಿ ಎಂದುಕೊಂಡೆ. ಆಗ ಅವಳು ಮಾಡಿದ್ದನ್ನು ನೋಡಿ. ಒಂದು ಖಾಲಿ ಬುಡ್ಡಿ ತೆಗೆದು, ಚೀಟಿ ಅಂಟಿಸಿ, ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಳು: ಅಜ್ಜಿ ಎಸೆದದ್ದು. ಬರೆದು ನನ್ನ ಕೈಗೆ ಕೊಟ್ಟಳು.

“ನೀವು ಎಸೀರಿ ಅಜ್ಜಿ. ನೋಡಿ ನೋಡಿ ನನಗೆ ಎಲ್ಲಾ ಒಂದೇ ತರ ಕಾಣೋಕೆ ಶುರುವಾಗಿತ್ತು, ನಿಮಗೆ ಹಾಗೆ ಕಾಣಲಿಲ್ಲ. ನಿಮ್ಮ ಕಣ್ಣಿಗೆ ಯಾವುದು ಸರಿ ಇಲ್ಲ ಅನ್ಸುತ್ತೋ ಎಲ್ಲಾ ಎಸೀರಿ. ಆದ್ರೆ ಇದರೊಳಗೆ ಎಸೀರಿ.”

ಪ್ಲಾಸ್ಟರ್ ಬಿಚ್ಚುವ ತನಕ ಎಸೆದೆ. ಮಧ್ಯಾಹ್ನ ಊಟವಾದ ಮೇಲೆ ನಾನು, ಅವಳು, ಯಂತ್ರ. ನಿಧಿ ಸ್ಕೂಲಿಂದ ಬಂದು ಮೊದಲು ದೂರ ನಿಂತು ನೋಡುತ್ತಿದ್ದಳು, ಆಮೇಲೆ ಹತ್ತಿರ, ಆಮೇಲೆ “ಅಜ್ಜಿ, ಮೈ ಟರ್ನ್ ಲಾ!” ಎಂದು ನನ್ನನ್ನು ತಳ್ಳುತ್ತಿದ್ದಳು. ಅಳಿಯ ಒಬ್ಬರೇ ಕೊನೆಯವರೆಗೂ ಆ ಮೇಜಿನ ಕಡೆ ತಿರುಗಿ ಕೂತು ಕಾಫಿ ಕುಡಿಯಲಿಲ್ಲ.

ಅವಳು ಬುಡ್ಡಿಯನ್ನು ಲ್ಯಾಬಿಗೆ ಒಯ್ದಳು. ಅಲ್ಲಿ ಇನ್ನೂ ದೊಡ್ಡ ಯಂತ್ರವಿದೆಯಂತೆ, ಒಂದೊಂದು ಮುಳ್ಳನ್ನೂ ಕೋಲಿನಷ್ಟು ಮಾಡಿ ತೋರಿಸುತ್ತದಂತೆ. ವಾರಗಟ್ಟಲೆ ಸುದ್ದಿಯಿಲ್ಲ. ವರ್ಷ ಮುಗಿಯುತ್ತಾ ಬಂತು. ಮೈಸೂರಿನಿಂದ ಅವಳ ತಾಯಿ ಫೋನು ಮಾಡಿ ಯಾವುದೋ ವರನ ಮಾತು ತೆಗೆದರೆ, ಇವಳು “ನೋಡೋಣಮ್ಮ” ಅನ್ನತೊಡಗಿದ್ದಳು. ಮೊದಲಾದರೆ ಫೋನು ಕುಕ್ಕುತ್ತಿದ್ದಳು. ಆ “ನೋಡೋಣ” ನನಗೆ ಹಿಡಿಸಲಿಲ್ಲ. ಚೂಟ್‌ಗೆ ಸುರಿದ ಮೊದಲ ದಿನದ ಲೋಟ ದಿನಾ ನೆನಪಾಗುತ್ತಿತ್ತು. ದೇವರಿಗೆ ಹರಕೆ ಹೊರುವವಳಲ್ಲ ನಾನು. ಆದರೂ ಚೂಟ್‌ನ ಮುಚ್ಚಳ ತೆಗೆಯುವಾಗೆಲ್ಲಾ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಒಂದು ಸಂಜೆ ಅವಳು ಚಪ್ಪಲಿ ಕಾಲಲ್ಲೇ ಅಡುಗೆಮನೆಗೆ ನುಗ್ಗಿದಳು. ಬಯ್ಯಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿದೆ.

“ಅಜ್ಜಿ, ನಿಮ್ಮ ಬುಡ್ಡೀಲಿ ಮುಕ್ಕಾಲು ಪಾಲು ಬರೀ ಮುರಿದ ಬಾಲ.”

“ಸರಿ. ಆಮೇಲೆ?”

“ಕೆಲವು ಮರಿಗಳು.”

“ಆಮೇಲೆ ಹೇಳೇ!”

“ಉಳಿದದ್ದರಲ್ಲಿ ಐದು ಬೇರೆ ಬೇರೆ ಜಾತಿ. ಎರಡಕ್ಕೆ ಇನ್ನೂ ಹೆಸರೇ ಇಲ್ಲ. ಬಾಲ ಕೊಕ್ಕೆ ಅಂತ ಎಸೆದಿರಲ್ಲ, ಅದೂ ಒಂದು.” ಉಸಿರು ಎಳೆದುಕೊಂಡು ಮುಂದೆ ಹೇಳಿದಳು: “ಉಳಿದ ಕೆಸರು ನನಗೇ ಕೊಡ್ತಾರಂತೆ.”

ನಾನು ಒಲೆ ಆರಿಸಿದೆ. ಸಾರು ಉಕ್ಕುತ್ತಿತ್ತು, ಅದಕ್ಕೆ.

ಮೊದಲ ದಿನದ ಲೋಟದಲ್ಲಿ ಏನಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬರೀ ಮುರಿದ ಬಾಲಗಳೇ ಇದ್ದವು ಬಿಡಿ ಅಜ್ಜಿ ಎಂದು ಪೂರ್ಣಿಮಾ ಅನ್ನುತ್ತಾಳೆ. ಸುಳ್ಳು ಹೇಳಲು ಬಾರದವಳು, ಅದೊಂದನ್ನು ಚೆನ್ನಾಗಿ ಹೇಳುತ್ತಾಳೆ. ಎರಡು ವರ್ಷದ ಮೇಲೆ ಅವಳೇ ಹಡಗು ಹತ್ತಿ ಆ ಹಿಮದ ಸಮುದ್ರಕ್ಕೆ ಹೋದಳು. ಹೋಗುವಾಗ ಮೈನಾ ಗರಿ ಕೇಳಿ ತೆಗೆದುಕೊಂಡು ಹೋದಳು. ವಾಯ್ಡ್ ಡೆಕ್‌ನ ಗರಿ ಧ್ರುವ ನೋಡಿ ಬಂತು. ನಾನು ಇನ್ನೂ ಇದೇ ಊರಿನ ಜುರಾಂಗ್ ಈಸ್ಟ್ ದಾಟಿಲ್ಲ. ಈಗ ಅವಳು ಯಾವುದೋ ಚಳಿ ದೇಶದಲ್ಲಿ ಪಾಠ ಹೇಳುತ್ತಾಳೆ. ಹೋದ ತಿಂಗಳು ಫೋನು ಮಾಡಿದಾಗ ಹೇಳಿದಳು, ಅವಳ ಕ್ಲಾಸಿನಲ್ಲಿ ಪ್ರತಿ ಮೇಜಿನ ಮೇಲೂ ಎಸೆಯುವುದಕ್ಕೆ ಒಂದು ಬುಡ್ಡಿ ಇಟ್ಟಿರುತ್ತಾಳಂತೆ. ಮಕ್ಕಳು ಅದಕ್ಕೆ ಏನನ್ನುತ್ತಾರೆ ಎಂದು ಕೇಳಿದೆ. “ಅಜ್ಜಿ ಅಂತಾರೆ,” ಎಂದಳು. ಬಿಳಿ ಮಕ್ಕಳ ಬಾಯಲ್ಲಿ ಅದು ಹೇಗೆ ಕೇಳುತ್ತದೋ ಏನೋ.

ನನ್ನ ಬುಡ್ಡಿಯನ್ನು ಕೆಲಸ ಮುಗಿದ ಮೇಲೆ ತೊಳೆದು ವಾಪಸು ಕೊಟ್ಟಿದ್ದಳು. ಅಡುಗೆಮನೆಯ ಕಿಟಕಿಯಲ್ಲಿದೆ. ಪೆನ್ಸಿಲಿನ ಬರಹ ಮಾಸಿದೆ, ಅಳಿಸಿಲ್ಲ.

ಪಾಲಿಕ್ಲಿನಿಕ್‌ನಿಂದ ಬಂದವಳು ತೋಳಿನ ಹತ್ತಿ ಕಿತ್ತೆಸೆದು, ಸಾರಿಗೆ ಅಲಸಂದೆ ಆರಿಸಲು ಕೂತೆ. ಕೆಂಪು ಕಾಳಿನ ನಡುವೆ ಎರಡು ಕಪ್ಪು ಕಾಳು ಸಿಕ್ಕವು. ಬೆರಳು ತನ್ನಷ್ಟಕ್ಕೇ ಎರಡನ್ನೂ ಅಂಚಿಗೆ ತಳ್ಳಿತು. ನಲವತ್ತು ವರ್ಷ ಹುಳ ಆರಿಸಿದ ಬೆರಳು, ಅದನ್ನು ಬೈದು ಏನು ಪ್ರಯೋಜನ. ಎರಡನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದಕ್ಕೆ ತೂತಿತ್ತು, ಒಳಗೆ ಹುಡಿ. ಅದು ಚೂಟ್‌ಗೆ ಹೋಯಿತು. ಇನ್ನೊಂದಕ್ಕೆ ತೂತಿಲ್ಲ, ಗಟ್ಟಿಯಿದೆ, ಹೊಳೆಯುತ್ತಿದೆ.

ಬುಡ್ಡಿಯ ಮುಚ್ಚಳ ತೆಗೆದು ಅದನ್ನು ಒಳಗೆ ಹಾಕಿದೆ. ಒಳಗೆ ಇಂಥವು ಇನ್ನೂ ಆರೇಳು ಇವೆ. ಕಾರಿಡಾರಿನ ಕುಂಡ ಒಂದು ಖಾಲಿಯಿದೆ. ನಾಳೆ ಬಿತ್ತುತ್ತೇನೆ.