ಹೆಡ್ ಮಾಸ್ತರರ ತಂಬಿಗೆ

ಶಾಲೆಗಳಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸಬೇಕೆಂದು ಮೇಲಿನಿಂದ ಹುಕುಂ ಬಂದಾಗ ನಾನು ಮುರಗೋಡದ ಕನ್ನಡ ಶಾಲೆಯಲ್ಲಿ ಹಂಗಾಮಿ ಮಾಸ್ತರನಾಗಿದ್ದೆ. ಕಲಿಸಬೇಕಾದರೆ ಮೊದಲು ನಾವು ಕಲಿಯಬೇಕಲ್ಲ? ಅದಕ್ಕೊಂದು ಪರೀಕ್ಷೆ ಇಟ್ಟರು. ಪಾಸಾದವನಿಗೆ ಮಾತ್ರ ನೌಕರಿ ಕಾಯಂ. ಹುಲಿ, ಆನೆ ಬರೆಯುವ ಪರೀಕ್ಷೆಯೇನಲ್ಲ. ನೇರ ಗೆರೆ, ವರ್ತುಲ, ಮುಂದಿಟ್ಟ ಒಂದು ಪಾತ್ರೆ, ಇಷ್ಟೇ. ಹೊಲದ ಆ ತುದಿಯಿಂದ ಈ ತುದಿಗೆ ನೆಟ್ಟಗೆ ಸಾಲು ಹೊಡೆಯುವ ಮನೆತನದಲ್ಲಿ ಹುಟ್ಟಿದ ನಾನು ಕಾಗದದ ಮೇಲೆ ಗೇಣುದ್ದದ ಗೆರೆ ಎಳೆಯಲಾರದೆ ಬೆವರಿದೆ.

ನಾನಂತೂ ಪಾಸಾಗಲೇಬೇಕಿತ್ತು. ನಮ್ಮ ಶಾಲೆಯ ಹೆಡ್ ಮಾಸ್ತರರು ತಮ್ಮ ಮಗಳನ್ನು ನನಗೆ ಕೊಡುವ ಮಾತಾಡಿದ್ದರು. ನೌಕರಿ ಕಾಯಂ ಆಗಲಿ, ಸಕ್ಕರೆ ಹಂಚಿ ನಿಶ್ಚಯ ಮಾಡೋಣ ಎಂದಿದ್ದರು. ಆಕೆ ಪ್ರಾಯಕ್ಕೆ ಬಂದವಳು, ಮನಸ್ಸಿಗೆ ಬಂದದ್ದನ್ನು ಮುಖದ ಮೇಲೆ ಹೇಳುವವಳೆಂದು ಓಣಿಯಲ್ಲೆಲ್ಲ ದೂರಿತ್ತು. ಆ ದೂರು ಕೇಳಿಯೇ ನಾನು ಆಕೆಯನ್ನು ಮೆಚ್ಚಿಕೊಂಡಿದ್ದೆ.

ಹುಕುಂ ಹೆಡ್ ಮಾಸ್ತರರನ್ನೂ ಬಿಟ್ಟಿರಲಿಲ್ಲ. ಹೀಗಾಗಿ ಪ್ರತಿ ರವಿವಾರ ಮಾವ ಆಗಲಿರುವವರೂ ಅಳಿಯ ಆಗಲಿರುವವನೂ ಒಂದೇ ಚಕ್ಕಡಿಯಲ್ಲಿ ಬೈಲಹೊಂಗಲಕ್ಕೆ ಹೋಗಿ, ಅಲ್ಲಿನ ಶಾಲೆಯ ಪಡಸಾಲೆಯಲ್ಲಿ ಸುತ್ತಲಿನ ಹಳ್ಳಿಗಳ ಮಾಸ್ತರರೊಡನೆ ಸಾಲಾಗಿ ಕೂರುತ್ತಿದ್ದೆವು. ಕಲಿಸುವ ಡ್ರಾಯಿಂಗ್ ಮಾಸ್ತರರು ಪುಣೆಯಲ್ಲಿ ಕಲಿತು ಬಂದ ತರುಣರು. ಅಲ್ಲಿಂದ ಒಂದು ಪದ್ಧತಿಯನ್ನೂ ತಂದಿದ್ದರು: ಬರೆದದ್ದನ್ನು ಗೋಡೆಗೆ ಆನಿಸಿಡಬೇಕು, ಉಳಿದವರು ಒಬ್ಬೊಬ್ಬರಾಗಿ ತಪ್ಪು ಹೇಳಬೇಕು. ಪುಣೆಯಲ್ಲಿ ಅದು ನಡೆಯುತ್ತಿತ್ತೇನೋ. ನಮ್ಮ ಕಡೆ ತಪ್ಪು ಹಿರಿಯರಿಂದ ಕಿರಿಯರಿಗೆ ಇಳಿಯುತ್ತದೆಯೇ ಹೊರತು ಕಿರಿಯರಿಂದ ಮೇಲಕ್ಕೆ ಏರುವುದಿಲ್ಲ.

ಎದುರಿಗೆ ಒಂದು ಹಿತ್ತಾಳೆಯ ತಂಬಿಗೆ ಇಟ್ಟು ಬರೆಸಿದರು. ಮೊದಲು ಗೋಡೆಗೆ ಆನಿಸಿದ್ದು, ಎಲ್ಲರಿಗಿಂತ ಹಿರಿಯರೆಂದು, ನಮ್ಮ ಹೆಡ್ ಮಾಸ್ತರರು ಬರೆದ ತಂಬಿಗೆಯನ್ನು. ಕಂಠ ನೆಟ್ಟಗಿತ್ತು, ಬಲಗಡೆ ದುಂಡಗಿತ್ತು. ಎಡಹೆಗಲು ಮಾತ್ರ ದಿನವಿಡೀ ನೀರು ಹೊತ್ತವರ ಹೆಗಲಿನಂತೆ ಜೋತುಬಿದ್ದಿತ್ತು. ಹೊರಗೆ ಕಟ್ಟಿದ ನಮ್ಮ ಎತ್ತುಗಳಿಗೂ ಕಾಣುವಂಥ ತಪ್ಪು.

“ಹೇಳ್ರಿ, ಎಲ್ಲೆ ತಪ್ಪೈತಿ?” ಎಂದರು ಡ್ರಾಯಿಂಗ್ ಮಾಸ್ತರರು.

ಪಡಸಾಲೆಯಲ್ಲಿ ಒಮ್ಮೆಲೇ ಕೆಮ್ಮು ಹೆಚ್ಚಾಯಿತು. ಕೊನೆಗೆ ಸಿರಸಂಗಿಯಿಂದ ಬಂದ ಮಾಸ್ತರರು, “ಹಿರ್ಯಾರ ಕೈ ಭಾಳ ಗಟ್ಟಿ ಐತ್ರಿ,” ಎಂದರು. ಸುರೇಬಾನದವರು, “ಪೆನ್ಸಿಲ್ಲೂ ಛಲೋ ಕೆತ್ತ್ಯಾರ್ರಿ,” ಎಂದು ಸೇರಿಸಿದರು. ನನ್ನ ಪಾಳಿ ಬಂತು. ಹೆಡ್ ಮಾಸ್ತರರು ರುಮಾಲು ಸರಿಪಡಿಸಿಕೊಂಡು ನನ್ನತ್ತ ನೋಡಿದರು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಎಡಹೆಗಲಲ್ಲ, ಸಕ್ಕರೆಯ ತಾಟು.

“ಚಿತ್ರ ಬರೋಬ್ಬರಿ ಐತ್ರಿ. ತಂಬಿಗೀನಽ ಎಡಕ್ಕ ನೆಗ್ಗಿರಬೇಕು,” ಎಂದೆ.

ಎಲ್ಲರಿಗೂ ಹೋದ ಜೀವ ಬಂತು. ಹೌದು, ನೆಗ್ಗಿದೆ, ಬಾಗಿಲಿನಿಂದಲೇ ಕಾಣುತ್ತಿತ್ತು ಎಂದರು. ಡ್ರಾಯಿಂಗ್ ಮಾಸ್ತರರು ತಂಬಿಗೆಯನ್ನೆತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಮರುವಾರ ತಮ್ಮ ಮನೆಯಿಂದ ಹೊಸದೊಂದನ್ನು ತಂದಿಟ್ಟರು. ಹೆಡ್ ಮಾಸ್ತರರ ಕಾಗದದಲ್ಲಿ ಅದೂ ಎಡಕ್ಕೆ ಜೋತುಬಿತ್ತು. “ಇದೂ ನೆಗ್ಗೈತ್ರಿ. ಈಗಿನ ಹಿತ್ತಾಳಿ ಮೊದಲಿನಂಗ ಎಲ್ಲೆ ಬರ್ತೈತ್ರಿ?” ಎಂದು ಸಿರಸಂಗಿಯವರು ನಿಟ್ಟುಸಿರು ಬಿಟ್ಟರು. ಪುಣೆಯ ಪದ್ಧತಿ ಅಲ್ಲಿಗೆ ಸೋತಿತು. ಡ್ರಾಯಿಂಗ್ ಮಾಸ್ತರರೂ ನಮ್ಮ ನಡುವೆಯೇ ಬಾಳಬೇಕಿತ್ತು.

ನನ್ನ ತಂಬಿಗೆ ಗೋಡೆಗೆ ಬಂದಾಗ ಮಾತ್ರ ಎಲ್ಲರಿಗೂ ಕಣ್ಣು ಬರುತ್ತಿದ್ದವು. ನಾನು ಎಲ್ಲರಿಗಿಂತ ಕಿರಿಯ. ಕಂಠ ಗಿಡ್ಡ, ತಳ ಅಗಲ, ಗೆರೆ ದಪ್ಪ, ನಾನು ಕೂತ ರೀತಿ ಸಹ ತಪ್ಪು! ಹಿರಿಯರಿಗೆ ಹೇಳಲಾರದೆ ನುಂಗಿಕೊಂಡ ಸತ್ಯವನ್ನೆಲ್ಲ ನನ್ನ ಮೇಲೆ ಸುರಿಯುತ್ತಿದ್ದರು. ಹೆಡ್ ಮಾಸ್ತರರಂತೂ ಚಕ್ಕಡಿ ಮುರಗೋಡ ಮುಟ್ಟುವ ತನಕ ಬಿಡುತ್ತಿರಲಿಲ್ಲ.

“ತಮ್ಮಾ, ನೀ ಎಡಹೆಗಲು ಭಾಳ ಎತ್ತತಿ ನೋಡು. ಸ್ವಲ್ಪ ಇಳಸು.”

“ಹೂಂನ್ರಿ,” ಎನ್ನುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಆದರೆ ಬೈಸಿಕೊಂಡು ಬೈಸಿಕೊಂಡು ನನ್ನ ಕೈ ಕುದುರಿತು, ಹೊಗಳಿಸಿಕೊಂಡವರ ಕೈ ಇದ್ದಲ್ಲೇ ಇತ್ತು.

ಬೆಳಗಾವಿಯಲ್ಲಿ ಪರೀಕ್ಷೆ ಆಯಿತು. ನಾನು ಪಾಸಾದೆ. ಹೆಡ್ ಮಾಸ್ತರರು ನಪಾಸಾದರು.

ಸುದ್ದಿ ಬಂದ ಮರುದಿನ ಸಂಜೆ ಅವರೇ ನಮ್ಮ ಮನೆಗೆ ಬಂದರು. ಜಮಖಾನೆ ಹಾಸಿದೆ. ಕುಳಿತು, ಕಂಕುಳಲ್ಲಿದ್ದ ಕಾಗದ ಬಿಚ್ಚಿದರು. ಬೈಲಹೊಂಗಲದ ಪಡಸಾಲೆಯಲ್ಲಿ ಅವರು ಬರೆದ ತಂಬಿಗೆ.

“ಖರೆ ಹೇಳು ತಮ್ಮಾ. ಎಲ್ಲೆ ತಪ್ಪೈತಿ?”

ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು. ಅವರಿಗೂ ಕಂಡಿತು, ಮುಖ ಇಳಿದುಹೋಯಿತು. ನನಗೆ ಪಾಪ ಎನಿಸಿತು.

“ಇದು ನಿನಗ ಮೊದಲಽ ಕಂಡಿತ್ತೇನು?”

“ಹೂಂನ್ರಿ. ಮೊದಲ್ನೇ ದಿನಾನಽ ಕಂಡಿತ್ತು.”

ಕಾಗದ ಸುತ್ತಿಕೊಂಡರು. ಅಲ್ಲಿಯ ತನಕ ನನ್ನನ್ನು ‘ನೀ’ ಎನ್ನುತ್ತಿದ್ದವರು ಒಮ್ಮೆಲೇ ‘ನೀವು’ ಎಂದರು.

“ನೋಡ್ರಿ ಮಾಸ್ತರ, ನನ್ನ ಮಗಳು ಇದ್ದದ್ದು ಇದ್ದಂಗ ಮಾತಾಡಾಕಿ. ಆಕಿ ಏನರ ತಪ್ಪು ಮಾಡಿದ್ರ ನೀವು ಛಲೋ ಆತು ಅಂತೀರಿ, ಒಳಗಽ ನಕ್ಕೋತ ಕುಂಡರತೀರಿ. ಆಕಿಗೆ ಗೊತ್ತಽ ಆಗೂದಿಲ್ಲ. ಅಂಥವರಿಗೆ ಮಗಳನ್ನ ಕೊಡಬಾರದು. ಹೌದಲ್ಲರಿ?”

ಅಲ್ಲ ಎನ್ನಬೇಕಿತ್ತು. ಅಂದೇ ತಪ್ಪು ತೋರಿಸಿದ್ದರೆ ನೀವು ಅಂದೇ ಈ ಸಂಬಂಧ ಬೇಡ ಅನ್ನುತ್ತಿರಲಿಲ್ಲವೇ ಎಂದು ಕೇಳಬೇಕಿತ್ತು. ನನಗೆ ಆಕೆ ಬೇಕು, ಯಾವ ಕಾಯಂ ನೌಕರಿಗಿಂತಲೂ ಹೆಚ್ಚಾಗಿ ಬೇಕು ಎಂದು ಹೇಳಬೇಕಿತ್ತು. ಹಿರಿಯರು ನನ್ನ ಉತ್ತರಕ್ಕಾಗಿ ಕಾಯುತ್ತ ಕೂತಿದ್ದರು.

“ನೀವು ಅನ್ನೂದು ಖರೆ ಐತ್ರಿ,” ಎಂದುಬಿಟ್ಟೆ.