ಮೂಲೆಯ ಮಡಿಕೆ

ಆಸ್ಪತ್ರೆಯ ಬಟ್ಟೆಕೋಣೆ ನೆಲಮಾಳಿಗೆಯಲ್ಲಿತ್ತು. ಬೆಳಿಗ್ಗೆ ಲಾಂಡ್ರಿಯ ವ್ಯಾನು ಬಂದು ಹಿಂಬಾಗಿಲಿಗೆ ಬೆನ್ನು ಮಾಡಿ ನಿಂತರೆ ಒಗೆದು ಇಸ್ತ್ರಿ ಮಾಡಿದ ಬೆಡ್‌ಶೀಟುಗಳ ಕಟ್ಟುಗಳು ಒಳಗೆ ಬರುತ್ತಿದ್ದವು. ಕೊಳೆಯಾದವು ಚೀಲ ಸೇರಿ ಅದೇ ವ್ಯಾನಿನಲ್ಲಿ ಹೋಗುತ್ತಿದ್ದವು. ಬಂದ ಕಟ್ಟು ಬಿಚ್ಚಿ, ಹರಿದದ್ದು, ಕಲೆ ಉಳಿದದ್ದು ಬೇರೆ ಮಾಡಿ, ಮಿಕ್ಕಿದ್ದನ್ನು ವಾರ್ಡುವಾರು ಕಪಾಟಿಗೆ ಸೇರಿಸುವುದು ಪಿಸಕ್ಕನ ಕೆಲಸ. ಅದು ಅವಳ ಹೆಸರಲ್ಲ. ನಲವತ್ತು ದಾಟಿದ ಹೆಂಗಸು, ಪಕ್ಕದಲ್ಲಿ ನಿಂತವರೂ ಕಿವಿ ಹತ್ತಿರ ತಂದರೆ ಮಾತ್ರ ಕೇಳುವಷ್ಟು ಮೆತ್ತಗೆ ಮಾತಾಡುತ್ತಿದ್ದಳು. ಅದಕ್ಕೇ ಪಿಸಕ್ಕ.

"ಸ್ವಲ್ಪ ಗಂಟಲು ಬಿಟ್ಟು ಮಾತಾಡೇ ಮಹಾರಾಯ್ತಿ," ಎಂದು ಮೇಲ್ವಿಚಾರಕಿ ರೇಗಿಸುತ್ತಿದ್ದಳು. "ರೋಗಿಗಳೆಲ್ಲ ಮೇಲಿನ ಮಹಡಿಯಲ್ಲಿದ್ದಾರೆ. ಇಲ್ಲಿ ನಿನ್ನಿಂದ ಎಚ್ಚರ ಆಗೋರು ಯಾರೂ ಇಲ್ಲ."

ಪಿಸಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಪ್ರತಿ ಬೆಡ್‌ಶೀಟಿನ ಕೊನೆಯ ಮಡಿಕೆಯನ್ನು ಹೆಬ್ಬೆರಳಿನಿಂದ ಎತ್ತಿ ನೋಡುತ್ತಿತ್ತು. ಎಲ್ಲೋ ಒಂದರಲ್ಲಿ ಬಲಮೂಲೆ ಒಳಕ್ಕೆ ತಿರುಗಿ, ತ್ರಿಕೋನವಾಗಿ ಇಸ್ತ್ರಿಯಾಗಿರುತ್ತಿತ್ತು. ಅದು ಕಂಡರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಅದರ ಅರ್ಥ ಇಷ್ಟೇ: ಇದ್ದೀನಿ ಅಕ್ಕ.

ಆ ಲಾಂಡ್ರಿ ಸಭೆಯದು. ಪಿಸಕ್ಕ ಹುಟ್ಟಿ ಬೆಳೆದದ್ದು ಅಲ್ಲೇ. ಲೋಕದಿಂದ ಬೇರೆಯಾಗಿ, ಕರ್ತನ ಮಾರ್ಗದಲ್ಲಿ ಬದುಕುತ್ತೇವೆ ಎಂದು ಒಂದಷ್ಟು ಕುಟುಂಬಗಳು ಎತ್ತರದ ಕಾಂಪೌಂಡು ಕಟ್ಟಿಕೊಂಡು ಒಳಗೆ ಸೇರಿದ್ದವು. ಅವರೆಲ್ಲರ ಮೇಲೆ ಒಬ್ಬ ಹಿರಿಯಣ್ಣ. ಯಾರು ಯಾರನ್ನು ಮದುವೆಯಾಗಬೇಕು, ಯಾರ ಮಗು ಯಾರ ಕೋಣೆಯಲ್ಲಿ ಮಲಗಬೇಕು, ಯಾರು ಎಷ್ಟು ದಿನ ಮಾತು ಬಿಡಬೇಕು ಎಂಬುದೆಲ್ಲ ಅವನಿಗೆ ಪ್ರಾರ್ಥನೆಯಲ್ಲಿ ತೋರುತ್ತಿತ್ತು. ಕೈ ದುಡಿಯುವಾಗ ನಾಲಿಗೆ ಸ್ತೋತ್ರ ಮಾಡಬೇಕು ಎಂದು ಇಸ್ತ್ರಿಮನೆಯಲ್ಲಿ ಮಾತಿಗೆ ಬೀಗ. ಪಿಸಕ್ಕ ಮತ್ತು ಅವಳ ತಂಗಿ ಎದುರುಬದುರು ಮೇಜಿನಲ್ಲಿ ನಿಂತು ದಿನವಿಡೀ ಇಸ್ತ್ರಿ ಎಳೆದರೂ ಒಂದು ಮಾತಾಡುವಂತಿರಲಿಲ್ಲ. ಆಗ ಹುಟ್ಟಿದ್ದು ಮೂಲೆಯ ಮಡಿಕೆ. ತಂಗಿ ಮಡಚಿ ಮೇಜಿನ ಆಚೆ ತಳ್ಳುವಳು. ಅಕ್ಕ ಹೆಬ್ಬೆರಳಿನಿಂದ ಎತ್ತಿ ನೋಡುವಳು. ಇಬ್ಬರ ಮುಖದಲ್ಲೂ ಏನೂ ಇರುತ್ತಿರಲಿಲ್ಲ.

ಹೆಂಡತಿ ಸತ್ತ ಒಬ್ಬ ಮುದುಕನಿಗೆ ಪಿಸಕ್ಕನನ್ನು ಕೊಡಬೇಕೆಂದು ಹಿರಿಯಣ್ಣನಿಗೆ ಪ್ರಾರ್ಥನೆಯಲ್ಲಿ ತೋರಿತು. ಅವಳಿಗೆ ತೋರಲಿಲ್ಲ. ಸಭೆ ಬಿಟ್ಟುಹೋಗಲೆಂದು ಗೇಟಿನವರೆಗೆ ಅಕ್ಕತಂಗಿ ಇಬ್ಬರೂ ಬಂದಿದ್ದರು. ಅಲ್ಲಿ ತಂಗಿ ಕೈ ಬಿಡಿಸಿಕೊಂಡಳು. "ನೀನು ಹೋಗಕ್ಕ. ಇಬ್ಬರೂ ಹೋದ್ರೆ ಅಮ್ಮನ್ನ ನೋಡ್ಕೊಳ್ಳೋರು ಯಾರು?"

ಹೊರಗಿನ ಲೋಕದಲ್ಲಿ ಪಿಸಕ್ಕನಿಗೆ ಗೊತ್ತಿದ್ದುದು ಎರಡೇ ವಿಳಾಸ. ಒಂದು, ಎಂದೋ ಸಭೆ ಬಿಟ್ಟುಬಂದ ಚಿಕ್ಕಮ್ಮನದು. ಇನ್ನೊಂದು, ವರ್ಷಗಟ್ಟಲೆ ಇಸ್ತ್ರಿ ಮಾಡಿದ ಬೆಡ್‌ಶೀಟುಗಳ ಅಂಚಿನಲ್ಲಿ ನೀಲಿ ದಾರದಲ್ಲಿ ಹೊಲಿದಿದ್ದ ಆಸ್ಪತ್ರೆಯ ಹೆಸರು. ಚಿಕ್ಕಮ್ಮನ ಮನೆ ಸೇರಿಕೊಂಡಳು. ಆಸ್ಪತ್ರೆಯಲ್ಲಿ ಕೆಲಸ ಕೇಳಿಕೊಂಡಳು. ಬಿಟ್ಟುಹೋದವರ ಕುರ್ಚಿಯನ್ನು ಸಭೆಯ ಊಟದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಇಡುತ್ತಾರೆ. ಆಮೇಲೆ ಅವರ ಹೆಸರೆತ್ತುವಂತಿಲ್ಲ, ಅವರೊಡನೆ ಮಾತಾಡುವಂತಿಲ್ಲ, ಕಾಗದ ಬಂದರೂ ಮುಟ್ಟುವಂತಿಲ್ಲ. ಆದರೆ ಕೊಳೆ ಬೆಡ್‌ಶೀಟು ಮುಟ್ಟಲೇಬೇಕಲ್ಲ. ಪಿಸಕ್ಕ ಒಂದು ಬೆಡ್‌ಶೀಟಿನ ತುದಿಗೆ ಗಂಟು ಹಾಕಿ ಚೀಲಕ್ಕೆ ಸೇರಿಸಿದಳು. ಕೆಲವು ದಿನ ಬಿಟ್ಟು ಅದು ಗಂಟು ಬಿಚ್ಚಿಸಿಕೊಂಡು, ಬಲಮೂಲೆ ಒಳಗೆ ಮಡಚಿಕೊಂಡು ಬಂತು. ಅಂದಿನಿಂದ ಹೋಗುವಾಗ ಗಂಟು, ಬರುವಾಗ ಮಡಿಕೆ. ಒಂಬತ್ತು ವರ್ಷ ಅಕ್ಕತಂಗಿಯರ ಮಾತುಕತೆ ಹೀಗೇ ನಡೆಯಿತು.

ಕಾದಂಬರಿ ಬರೆಯಲು ಶುರು ಮಾಡಿದ್ದು ಚಿಕ್ಕಮ್ಮನ ಒತ್ತಾಯಕ್ಕೆ. "ನಿದ್ದೆಯಲ್ಲಿ ಬಡಬಡಿಸ್ತೀಯಲ್ಲ, ಅದನ್ನೇ ಬರೆದುಬಿಡು. ನನಗಾದ್ರೂ ನಿದ್ದೆ ಬರ್ಲಿ," ಎಂದಿದ್ದಳು ಚಿಕ್ಕಮ್ಮ. ಅಡುಗೆಮನೆಯ ಮೇಜಿನ ಮೇಲೆ, ಭಾನುವಾರಗಳಂದು, ಮೂರು ವರ್ಷ ಬರೆದಳು. ಮುಗಿದ ಮೇಲೆ ಗುರುತು ಅಳಿಸಲು ಕುಳಿತಳು. ಎಲ್ಲರ ಹೆಸರು ಬದಲಾಯಿಸಿದಳು. ಬಯಲಿನಲ್ಲಿದ್ದ ಕಾಂಪೌಂಡನ್ನು ಗುಡ್ಡಕ್ಕೆ ಹತ್ತಿಸಿದಳು. ಹಿರಿಯಣ್ಣನ ಗಡ್ಡ ಬೋಳಿಸಿದಳು. ಅಕ್ಕತಂಗಿಯರನ್ನು ಗೆಳತಿಯರನ್ನಾಗಿ ಮಾಡಿದಳು. ಮೂಲೆಯ ಮಡಿಕೆಯೊಂದನ್ನು ಮಾತ್ರ ಇದ್ದ ಹಾಗೇ ಬಿಟ್ಟಳು. ಉಳಿದದ್ದೆಲ್ಲ ಅವರ ಕಥೆ, ಇದೊಂದು ತಮ್ಮಿಬ್ಬರದು ಎನಿಸಿತ್ತು. ಭಯವೂ ಆಗಲಿಲ್ಲ, ಯಾಕೆಂದರೆ ಸಭೆಯಲ್ಲಿ ಕಾದಂಬರಿ ಓದುವುದು ಪಾಪ. ಮಗುವಾಗಿದ್ದಾಗಿನಿಂದ ಕೇಳಿದ್ದ ಮಾತು ಅದು. ಬಿಟ್ಟುಬಂದು ಇಷ್ಟು ವರ್ಷವಾದರೂ, ಆ ಕಟ್ಟಳೆಯನ್ನು ಮಾಡಿದವನೂ ಅದನ್ನು ಪಾಲಿಸುತ್ತಾನೆ ಎಂಬ ನಂಬಿಕೆ ಅವಳೊಳಗೆ ಅಲ್ಲಾಡದೆ ಕೂತಿತ್ತು.

ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಕೈ ಚೆಲ್ಲಿದರು. ಒಬ್ಬರು, "ಧರ್ಮದ ವಿಷಯ ಕಣಮ್ಮಾ, ನಾಳೆ ನಮ್ಮ ಗಾಜು ಒಡೆದ್ರೆ ಯಾರು ಕಟ್ಟಿಕೊಡ್ತಾರೆ?" ಎಂದರು. ಕೊನೆಗೆ ಬಸ್ ನಿಲ್ದಾಣದ ಹಿಂದೆ ಮದುವೆ ಕಾಗದ, ಬಿಲ್ ಪುಸ್ತಕ ಅಚ್ಚು ಹಾಕುತ್ತಿದ್ದ ಮುದ್ರಕನೊಬ್ಬ ಒಪ್ಪಿದ. ಒಪ್ಪಿದ್ದು ಮಾತ್ರವಲ್ಲ, ಓದಿದ.

"ಅಕ್ಕಾ, ಮೂವತ್ತು ವರ್ಷದಲ್ಲಿ ನಾನು ಅಚ್ಚು ಹಾಕಿದ್ದನ್ನು ಓದಿದ್ದು ಇದೇ ಮೊದಲು," ಎಂದ. "ಮದುವೆ ಕಾಗದದಲ್ಲಿ ಕಥೆ ಇರಲ್ಲ ನೋಡಿ, ಕಥೆ ಆಮೇಲೆ ಶುರುವಾಗುತ್ತೆ."

ಪಿಸಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಪ್ರಕಾಶಕರು ಯಾರು ಅಂತ ಹಾಕ್ಲಿ?"

"ನಾನೇ."

"ಏನಂದ್ರಿ?"

"ನಾನೇ," ಎಂದಳು ಇನ್ನೊಮ್ಮೆ. ಅವನು ಮೇಜಿನ ಮೇಲೆ ಬಾಗಿ ಕೇಳಿಸಿಕೊಂಡು ಬರೆದುಕೊಂಡ.

"ಆ ಮಡಿಕೆಯ ಅಧ್ಯಾಯ ಇದೆಯಲ್ಲ, ಓದುವಾಗ ಕಣ್ಣು ಮಂಜಾಯ್ತು. ಮುಖಪುಟಕ್ಕೆ ಅದನ್ನೇ ಹಾಕೋಣ. ಬಿಳಿ ಬಟ್ಟೆ, ಮೂಲೆ ಮಡಚಿರ್ಬೇಕು, ಅಷ್ಟೇ. ಏನಂತೀರಿ?"

ಅವಳು ಖುಷಿಯಿಂದ ತಲೆಯಾಡಿಸಿದಳು. ಚಿತ್ರಕ್ಕೆ ಬೆಡ್‌ಶೀಟನ್ನು ತಾನೇ ಮಡಚಿ ಕೊಟ್ಟಳು.

ಪುಸ್ತಕ ಬಂತು. ಮಂಚದ ಕೆಳಗೆ, ಕಪಾಟಿನ ಮೇಲೆ, ಚಿಕ್ಕಮ್ಮನ ಹೊಲಿಗೆ ಯಂತ್ರದ ಪಕ್ಕ, ಎಲ್ಲಿ ನೋಡಿದರೂ ಮಡಚಿದ ಮೂಲೆ. ಮೇಲ್ವಿಚಾರಕಿ ಒಂದು ಪ್ರತಿ ಕೊಂಡು, "ನೀನು ಇಷ್ಟೊಂದು ಮಾತಾಡ್ತೀಯ ಅಂತ ಗೊತ್ತೇ ಇರ್ಲಿಲ್ಲ ಕಣೇ," ಎಂದಳು. ನರ್ಸುಗಳು ಕೆಲವರು ಕೊಂಡರು. ಉಳಿದವು ಮುದ್ರಕನ ಅಂಗಡಿಯ ಗಾಜಿನ ಹಿಂದೆ ಬಿಸಿಲು ಕಾಯುತ್ತ ಕುಳಿತವು.

ಒಂದು ಮಧ್ಯಾಹ್ನ ಮುದ್ರಕನ ಫೋನು ಬಂತು. ಅವನ ದನಿ ಕುಣಿಯುತ್ತಿತ್ತು. "ಅಕ್ಕಾ, ಸಿಹಿ ಕೊಡಿಸ್ಬೇಕು! ಅಂಗಡಿಯಲ್ಲಿದ್ದ ಪ್ರತಿಯೆಲ್ಲ ಒಬ್ಬರೇ ತಗೊಂಡು ಹೋದ್ರು. ಒಂದೂ ಉಳಿದಿಲ್ಲ."

"ಯಾರು?"

"ಹೆಸರು ಹೇಳ್ಲಿಲ್ಲ. ದೊಡ್ಡ ಮನುಷ್ಯರು. ಬಿಳಿ ಶರ್ಟು, ಈ ಸೆಕೆಯಲ್ಲೂ ಕತ್ತಿನ ಗುಂಡಿ ಹಾಕಿದ್ರು. ಅಲ್ಲೇ ನಿಂತು ಮಡಿಕೆಯ ಅಧ್ಯಾಯ ಓದಿದ್ರು, ಎರಡು ಸಲ. ಹೋಗುವಾಗ ಕೈ ಮುಗಿದು ಸ್ತೋತ್ರ ಅಂದ್ರು. ಒಳ್ಳೆ ಓದುಗರು."

ಪಿಸಕ್ಕ ಗಡ್ಡ ಇತ್ತಾ ಎಂದು ಕೇಳಬೇಕೆಂದುಕೊಂಡಳು. ಕೇಳಲಿಲ್ಲ.

ಮರುದಿನ ಬಂದ ಕಟ್ಟುಗಳಲ್ಲಿ ಮಡಿಕೆ ಇತ್ತು. ಅದು ಪುಸ್ತಕ ಅವರ ಕೈ ಸೇರುವ ಮುಂಚೆಯೇ ಇಸ್ತ್ರಿಯಾದ ಬೆಡ್‌ಶೀಟು ಎಂದು ತಿಳಿದಿದ್ದರೂ ಅದನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಬಂದ ಕಟ್ಟುಗಳಲ್ಲಿ ಇರಲಿಲ್ಲ. ಆ ವಾರ ಇಲ್ಲ, ಮುಂದಿನ ವಾರವೂ ಇಲ್ಲ. ಮಡಚುವ ರೀತಿಯೇ ಬದಲಾಗಿತ್ತು: ಈಗ ಎಲ್ಲವನ್ನೂ ಸುರುಳಿ ಸುತ್ತಿ ಕಳಿಸುತ್ತಿದ್ದರು. ಸುರುಳಿಗೆ ಒಳಮೂಲೆ ಇರುವುದಿಲ್ಲ.

"ಇದೇನು ಹೊಸ ಅವತಾರ?" ಎಂದು ಮೇಲ್ವಿಚಾರಕಿ ಗೊಣಗಿದಳು. "ಕಪಾಟಿನಲ್ಲಿ ಇಟ್ಟರೆ ಉರುಳಿ ಬೀಳ್ತವೆ."

ವ್ಯಾನು ಓಡಿಸುತ್ತಿದ್ದವನು ಸಭೆಯ ಹುಡುಗನೇ, ಈಗ ಗಂಡಸಾಗಿದ್ದ. ಚಿಕ್ಕವನಿದ್ದಾಗ ಪಿಸಕ್ಕ ಅವನ ಮೂಗು ಒರೆಸಿದ್ದಳು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವಳತ್ತ ನೋಡಿದವನಲ್ಲ. ಅವಳು ವ್ಯಾನಿನ ಬಾಗಿಲಿಗೆ ಅಡ್ಡ ನಿಂತಳು.

"ತಮ್ಮಾ, ಮಾತಾಡೋದು ಬೇಡ ಕಣೋ. ಅವಳು ಇದ್ದಾಳಾ ಅಷ್ಟು ಹೇಳು. ತಲೆಯಾಡಿಸು, ಸಾಕು."

 ಅವನು ನಿಧಾನವಾಗಿ ತಿರುಗಿ, ಊಟದ ಮನೆಯ ಆ ಕುರ್ಚಿಯ ಹಾಗೆ, ಗೋಡೆಗೆ ಮುಖ ಮಾಡಿ ನಿಂತ. ಅವಳು ಸರಿಯುವವರೆಗೂ ಹಾಗೇ ನಿಂತಿದ್ದ.

ಚಿಕ್ಕಮ್ಮ ಅವಳನ್ನು ಪೊಲೀಸ್ ಠಾಣೆಗೆ ಎಳೆದುಕೊಂಡು ಹೋದಳು. ಅಧಿಕಾರಿ ಕೆಟ್ಟವನಲ್ಲ, ಕೂರಿಸಿ, ನೀರು ಕೊಟ್ಟು ಕೇಳಿದ.

"ನಿಮ್ಮ ತಂಗಿ ವಯಸ್ಸೆಷ್ಟಮ್ಮ?"

"ಮೂವತ್ತೇಳು."

"ಹೊಡೆದ್ರು, ಕೂಡಿಹಾಕಿದ್ರು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ. ಮಡಿಕೆ ನಿಂತುಹೋಗಿದೆ."

ಅವನು ಪೆನ್ನು ಕೆಳಗಿಟ್ಟ. "ನಾನೀಗ ಏನಂತ ದೂರು ಬರ್ಕೊಳ್ಳಲಮ್ಮ? ಬೆಡ್‌ಶೀಟು ಸರಿಯಾಗಿ ಮಡಚಿಲ್ಲ ಅಂತಾನಾ?" ಹೇಳಿದ ಮೇಲೆ ಅವನಿಗೇ ಮುಜುಗರವಾಯಿತೇನೋ, ಸಭೆಗೆ ಫೋನು ಮಾಡಿದ. ಆ ಕಡೆಯವರು ಬಹಳ ವಿನಯದಿಂದ ಮಾತಾಡಿದರು. ಸಹೋದರಿ ಕ್ಷೇಮವಾಗಿದ್ದಾರೆ, ಉಪವಾಸ ಪ್ರಾರ್ಥನೆಯಲ್ಲಿದ್ದಾರೆ, ಲೋಕದವರೊಂದಿಗೆ ಮಾತಾಡಲು ಇಷ್ಟವಿಲ್ಲವಂತೆ ಎಂದರು.

"ನೋಡಿದ್ರಾ, ಕ್ಷೇಮವಾಗಿದ್ದಾರೆ," ಎಂದ ಅಧಿಕಾರಿ.

"ಸರ್, ಅಲ್ಲಿ ಉಪವಾಸ ಅಂದ್ರೆ ಶಿಕ್ಷೆ," ಎಂದಳು ಪಿಸಕ್ಕ. ಅವನು ಆಗಲೇ ಮುಂದಿನವರನ್ನು ಕರೆದಿದ್ದ. ಅವಳ ದನಿ ಮೇಜು ದಾಟಲಿಲ್ಲ.

ವಿಷಯ ತಿಳಿದ ಮುದ್ರಕ ಮನೆಗೇ ಬಂದ. ಒಂದು ಕೈಯಲ್ಲಿ ಹಣ್ಣು, ಮುಖದಲ್ಲಿ ಹೆಣದ ಕಳೆ. "ನಾನೇ ಮುಖಪುಟಕ್ಕೆ ಹಾಕೋಣ ಅಂದಿದ್ದು. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಇನ್ನೊಂದು ಮುದ್ರಣ ಹಾಕೋಣ ಅಕ್ಕಾ, ನನ್ನ ಖರ್ಚು. ಆ ಅಧ್ಯಾಯ ತೆಗೆದುಬಿಡೋಣ."

"ಪುಸ್ತಕದಿಂದ ತೆಗೆದ್ರೆ ಅವರ ತಲೆಯಿಂದ ಹೋಗುತ್ತಾ?" ಎಂದಳು ಚಿಕ್ಕಮ್ಮ.

 ಪಿಸಕ್ಕ ಹೊಲಿಗೆ ಯಂತ್ರದ ಪಕ್ಕದ ಪುಸ್ತಕಗಳನ್ನು ಒಂದೊಂದಾಗಿ ಮುಖ ಕೆಳಗೆ ಮಾಡಿ ಇಡುತ್ತಿದ್ದಳು. ಎಲ್ಲ ಹೆಸರು ಬದಲಾಯಿಸಿ, ಬದಲಾಯಿಸಲೇಬೇಕಾದ ಒಂದನ್ನು ಬಿಟ್ಟಿದ್ದಳು. ತಂಗಿಯ ಕೈಯಲ್ಲಿ ಉಳಿದಿದ್ದ ಒಂದೇ ಮಾತನ್ನು ತಾನೇ ಅಚ್ಚು ಹಾಕಿಸಿ ಅವರ ಕೈಗೆ ಕೊಟ್ಟಿದ್ದಳು.

ಮಾಡಲು ಏನೂ ಉಳಿಯದಿದ್ದಾಗ ಅವಳು ತನಗೆ ತಿಳಿದದ್ದನ್ನೇ ಮಾಡಿದಳು. ಕೊಳೆ ಬೆಡ್‌ಶೀಟೊಂದರ ತುದಿಗೆ ಗಂಟು ಹಾಕಿ ಚೀಲಕ್ಕೆ ಸೇರಿಸಿದಳು. ಗಂಟಿನ ವಿಷಯ ಪುಸ್ತಕದಲ್ಲಿರಲಿಲ್ಲ. ಅದಕ್ಕೇ ಅದರ ಮೇಲೆ ಅವಳಿಗೆ ಇನ್ನೂ ಅಷ್ಟಿಷ್ಟು ಆಸೆ. ಅಂಚಿಗೆ ತೇಪೆ ಹಾಕಿದ್ದ ಬೆಡ್‌ಶೀಟು ಅದು, ಸಾವಿರದಲ್ಲೂ ಗುರುತು ಸಿಗುತ್ತಿತ್ತು.

ಅದು ತಿರುಗಿ ಬಂತು. ಸುರುಳಿ ಬಿಚ್ಚುತ್ತಿದ್ದ ಪಿಸಕ್ಕನ ಕೈಗೆ ಏನೋ ಗಟ್ಟಿಯಾಗಿ ತಗುಲಿತು. ಗಂಟು ಹಾಗೇ ಇತ್ತು. ಒಗೆದು, ಗಂಜಿ ಹಾಕಿ, ಅದರ ಮೇಲೆಯೇ ಇಸ್ತ್ರಿ ಎಳೆದಿದ್ದರು. ಬಟ್ಟಲ ತಳದಷ್ಟು ಚಪ್ಪಟೆಯಾಗಿ, ಅಂಚು ಕಂದಿತ್ತು. ಅದನ್ನು ಮುಟ್ಟಿದ ಕೈಗಳಲ್ಲಿ ಯಾವುದಕ್ಕೂ ಅದು ಏನೆಂದು ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದ ಕೈ ಬಿಚ್ಚುವಂತಿರಲಿಲ್ಲ. ಎರಡರಲ್ಲಿ ಯಾವುದು ಎಂದು ಗಂಟು ಹೇಳಲಿಲ್ಲ.

"ಅಯ್ಯೋ, ಗಂಟಿನ ಮೇಲೂ ಇಸ್ತ್ರಿ ಹಾಕಿದ್ದಾರಲ್ಲೇ! ಕಣ್ಣು ಮನೇಲಿ ಬಿಟ್ಟು ಬರ್ತಾರಾ?" ಎಂದಳು ಮೇಲ್ವಿಚಾರಕಿ. "ಬಿಚ್ಚು ಬೇಗ, ಹೆರಿಗೆ ವಾರ್ಡಿಗೆ ಕಮ್ಮಿ ಬಿದ್ದಿದೆ."

ಪಿಸಕ್ಕ ಉಗುರು ತೂರಿಸಿ ನೋಡಿದಳು, ಹಲ್ಲಿನಿಂದ ಕಚ್ಚಿ ಎಳೆದಳು. ಗಂಜಿ ಒಣಗಿ ಎಳೆಗೆ ಎಳೆ ಅಂಟಿತ್ತು. ಕೊನೆಗೆ ಅದನ್ನು ಹಾಗೇ ಮಡಚಿ, ತಂಗಿ ಮಡಚುತ್ತಿದ್ದ ಬಲಮೂಲೆಯನ್ನು ಈ ಸಲ ತಾನೇ ಒಳಕ್ಕೆ ತಿರುವಿ, ಕೊಳೆ ಬಟ್ಟೆಯ ಚೀಲಕ್ಕೆ ಹಾಕಿದಳು.

"ಒಗೆದದ್ದನ್ನ ಮತ್ತೆ ಯಾಕೇ ಹಾಕ್ತೀಯ?"

"ಇನ್ನೊಂದ್ಸಲ ಹೋಗಿ ಬರ್ಲಿ."

"ಏನಂದೆ? ಕೇಳಿಸ್ಲಿಲ್ಲ."

 ಹೊರಗೆ ವ್ಯಾನಿನ ಬಾಗಿಲು ತೆರೆದಿತ್ತು. ಪಿಸಕ್ಕ ಚೀಲದ ಬಾಯಿ ಕಟ್ಟಿ, ಗೋಡೆ ನೋಡುತ್ತ ನಿಂತಿದ್ದವನ ಕಾಲ ಹತ್ತಿರ ಇಟ್ಟು ಒಳಗೆ ಬಂದಳು.